ಅತ್ತೆ ಆರಿಸಿದ ಜೊತೆ ಮೀನು

ಆ ಬೆಳಿಗ್ಗೆಯೂ ಎಂದಿನಂತೆ ಡಿಕಾಕ್ಷನ್ ಇಳಿಯಲು ಬಿಟ್ಟು, ಕೊಳಾಯಿ ನೀರು ಹಿಡಿದು, ಮೀನುಗಳ ಪಾಲಿನ ಬಕೆಟ್ಟನ್ನು ಬಿಸಿಲಿಗಿಟ್ಟೆ. ಕ್ಲೋರಿನ್ ವಾಸನೆ ಹೋಗದೆ ಆ ನೀರನ್ನು ತೊಟ್ಟಿಗೆ ಹಾಕುವಂತಿರಲಿಲ್ಲ. ಯಜಮಾನರು ಎಲೆಕ್ಟ್ರಿಕ್ ಟ್ರೈನಿಗೆ ಓಡಿದ ಮೇಲೆ ಗಾಜಿನ ತೊಟ್ಟಿಯ ಮೇಲಿನ ಬಟ್ಟೆ ಸರಿಸಿದೆ. ಎರಡು ಗಪ್ಪಿ ಮೀನುಗಳಲ್ಲಿ ಬಣ್ಣದ ಬಾಲದ ಗಂಡು ಇರಲಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಉಡುಪಿಯಿಂದ ಮದ್ರಾಸಿಗೆ ನಾವೇ ಕರೆತಂದಿದ್ದೆವು. ಪಕ್ಕದ ಮನೆಯಾಕೆ ಕನ್ನಡದವರೇ, ಆದರೆ ತಲೆಮಾರುಗಳಿಂದ ಇಲ್ಲಿದ್ದವರು. ಅವರ ಮಾತಿನಲ್ಲಿ ತಮಿಳೇ ಹೆಚ್ಚೆಂದು ಅತ್ತೆ ದೂರವೇ ಉಳಿದಿದ್ದರು. ವರ್ಗವಾಗಿ ಹೋದ ಸ್ನೇಹಿತರೊಬ್ಬರು ಬಿಟ್ಟುಹೋದ ಈ ತೊಟ್ಟಿಯ ಮುಂದೆ ಕೂತಾಗ ಮಾತ್ರ ಅವರ ಮುಖ ಸಡಿಲವಾಗುತ್ತಿತ್ತು. ಆಗ ಅದರಲ್ಲಿದ್ದದ್ದು ಅಗಲ ರೆಕ್ಕೆಯ ಒಂದೇ ಏಂಜೆಲ್ ಮೀನು. ಮೀನಿಗೆ ಹಾಕುವ ಹುಳವನ್ನು ಮನೆಯೊಳಗೆ ತರಕೂಡದೆಂದು ಅತ್ತೆ ಅದಕ್ಕೆ ಬೇಯಿಸಿದ ರವೆ ಹಾಕುತ್ತಿದ್ದರು, ಅದೂ ತಿನ್ನುತ್ತಿತ್ತು. ರವೆ ತಿನ್ನುವ ಮೀನು ಯಾರ ತಂಟೆಗೂ ಹೋಗದೆಂದು ನಂಬಿ, ಜೊತೆಗೆ ಪುಟ್ಟ ಗಪ್ಪಿಗಳನ್ನು ತರಲು ಹೇಳಿದರು. ನನಗೂ ಸರಿಯೆನಿಸಿತ್ತು.

ಈಗ ಅತ್ತೆ ಗಾಜಿಗೆ ಮುಖ ತಾಗಿಸಿ ನೋಡಿದರು. ಏಂಜೆಲಿನ ಹೊಟ್ಟೆ ಉಬ್ಬಿತ್ತು. ಹೆಣ್ಣು ಗಪ್ಪಿ ನೀರುಗಿಡದ ಹಿಂದಿನಿಂದ ಹೊರಬರಲಿಲ್ಲ. ಇಂಥದ್ದು ನಡೆಯುವ ಮನೆಯಲ್ಲಿ ತನಗೆ ಊಟ ಸೇರದು, ಶನಿವಾರದ ರೈಲಿಗೆ ದೊಡ್ಡ ಮಗನಲ್ಲಿಗೆ ಕಳಿಸಿಬಿಡಿ ಎಂದರು. ಒಮ್ಮೆ ಹೋದರೆ ತಿರುಗಿ ಬರುವವರಲ್ಲ. ಅವರು ಬಂದ ಮೇಲೆಯೇ ನನ್ನ ಮಧ್ಯಾಹ್ನಗಳು ಭಣಗುಡುವುದು ನಿಂತಿತ್ತು.

ಏಂಜೆಲನ್ನು ದೊಡ್ಡ ಗಾಜಿನ ಜಾಡಿಗೆ ಬದಲಿಸಿ, ತೊಟ್ಟಿಯೊಡನೆ ಬಂದಿದ್ದ ಇಂಗ್ಲಿಷ್ ಕೈಪಿಡಿಯನ್ನು ಮೊದಲ ಸಲ ಬಿಡಿಸಿದೆ. ಬಾಯಿಗೆ ಹಿಡಿಸುವಷ್ಟು ಚಿಕ್ಕ ಮೀನನ್ನು ಏಂಜೆಲಿನ ಜೊತೆ ಬಿಡಬಾರದಂತೆ. ರವೆಯೊಂದೇ ಅದಕ್ಕೆ ಸಾಲದಂತೆ. ಮೆಲ್ಲಗೆ ಓದಿ ಹೇಳಿದೆ. ಅತ್ತೆ ಜಾಡಿಯ ಮುಂದೆ ಹೋಗಿ ಕೂತರು.

“ಅದರದ್ದೆಂತ ತಪ್ಪು ಮಾರಾಯ್ತಿ. ಹಸಿವೆಯಲ್ಲಿ ಇಟ್ಟದ್ದು ನಾವಲ್ವಾ?”

ರೈಲಿನ ಮಾತು ಮತ್ತೆ ಎತ್ತಲಿಲ್ಲ, ಬಿಟ್ಟೆನೆಂದೂ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಸಾಲಲಿಲ್ಲ.

ಸಂಜೆ ಮಹಡಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪಕ್ಕದ ಮನೆಯಾಕೆ ಸೀರೆ ಮಡಿಸುತ್ತಲೇ ಅಂದರು:

“ಶನಿವಾರ ನಾನು ಸೀಕ್ರಮಾ ಅಡುಗೆ ಮುಗಿಸ್ಬೇಕು. ನಿಮ್ಮತ್ತೇನ ಮೂರ್ ಮಾರ್ಕೆಟ್‌ನ ಬಣ್ಣದ ಮೀನಿನಂಗಡಿಗೆ ಕರ್ಕೊಂಡು ಹೋಗ್ಬೇಕಲ್ಲ. ಆ ಚಿಕ್ಕ ಮೀನಿಗೆ ಜೊತೆ ಬೇಕಂತೆ. ದೊಡ್ಡ ಬಾಯಿದು ಮಾತ್ರ ವೇಂಡಾಂ ಅಂದ್ರು.”