ಮೇಜಿನ ಕಾಲಿಗೆ ಕಟ್ಟಿದ ದುಭಾಷಿ

ನಿವೃತ್ತನಾದ ಮೇಲೆ ಪುಣೆಯ ಬಾಲ ಕಲ್ಯಾಣ ಸಮಿತಿಗೆ ಕನ್ನಡದ ದುಭಾಷಿಯಾಗಿ ಹೋಗುತ್ತಿದ್ದೆ. ಸಂಬಳವಿಲ್ಲ, ಚಹಾ ಉಂಟು. ಹುದ್ದೆಯ ಘನತೆಗೆ ಕುಂದು ಬಾರದಿರಲೆಂದು ಬೇಸಿಗೆಯಲ್ಲೂ ಕೋಟು ತೊಡುತ್ತಿದ್ದೆ.

ಆ ದಿನ ನನ್ನ ಪಕ್ಕದಲ್ಲಿದ್ದವಳು ಯಾದಗಿರಿ ಕಡೆಯಿಂದ ಹಿಂಜವಾಡಿಗೆ ದುಡಿಯಲು ಬಂದ ತಾಯಿ. ಇನ್ನೂ ಕಟ್ಟುತ್ತಿದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದೂವರೆ ವರ್ಷದ ಮಗಳ ಕಾಲನ್ನು ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿ ಇಟ್ಟಿಗೆ ಹೊರುತ್ತಿದ್ದಳು. ಯಾರೋ ನೋಡಿ ದೂರು ಕೊಟ್ಟರು. ಎಂಟು ದಿನದಿಂದ ಮಗು ಸಮಿತಿಯ ಕೆಳಮಹಡಿಯ ಶಿಶುಗೃಹದಲ್ಲಿತ್ತು. ತಾಯಿಗೆ ಮರಳಿಸಬೇಕೋ ಬೇಡವೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು.

ಹೊರಗೆ ಕೂಲಿಯವರನ್ನು ಕರೆತಂದಿದ್ದ ಮುಕಾದಮ ಅವಳಿಗೆ ಉಪದೇಶ ಮಾಡಿದ್ದ. "ಕಟ್ಟೇ ಇಲ್ಲ ಅನ್ನು. ಸುಮ್ನ ಆಟ ಆಡ್ತಿತ್ತು ಅನ್ನು."

ಒಳಗೆ ಅಧ್ಯಕ್ಷೆ ಮರಾಠಿಯಲ್ಲಿ ಕೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. "ಕೂಸಿನ್ನ ಕಟ್ಟಿದ್ಯೇನವಾ?"

"ಕಟ್ಟೀನ್ರಿ ಕಾಕಾ. ಇಲ್ಲಂದ್ರ ಬೀಳತದಲ್ರಿ. ಅಲ್ಲಿ ಗ್ವಾಡಿನ ಇಲ್ಲ. ನಮ್ಮವ್ವನೂ ನನ್ನ ಹಿಂಗ ಕಟ್ಟತಿದ್ಲು."

ಮುಕಾದಮನ ಉಪದೇಶ ಅಲ್ಲಿಗೆ ಮುಗಿಯಿತು. ಒಲ್ಲದ ಮನಸ್ಸಿನಿಂದ, ಗೋಡೆಯಿಲ್ಲದ್ದನ್ನೂ ಸೇರಿಸಿ, ಅಷ್ಟನ್ನೂ ಮರಾಠಿಗೆ ಇಳಿಸಿದೆ. ಕಾಲಿಗೆ ನೋವಾಗುವುದಿಲ್ಲವೇ ಎಂದು ಅಧ್ಯಕ್ಷೆ ಕೇಳಿದರು.

ಅವಳು ಚೀಲದಿಂದ ಅದೇ ಸೀರೆಯ ತುಂಡನ್ನು ತೆಗೆದಳು. "ಕಾಕಾ, ಜರಾ ಕಾಲು ಕೊಡ್ರಿ."

ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ ಕಾಲನ್ನು ಕೊಟ್ಟೆ. ಕ್ಷಣದಲ್ಲಿ ಸಮಿತಿಯ ಮೇಜಿಗೆ ಬಂಧಿತನಾದೆ.

"ಈಗ ನಡೀರಿ."

ಎರಡು ಹೆಜ್ಜೆ ಸಲೀಸು. ಮೂರನೆಯದಕ್ಕೆ ಬಟ್ಟೆ ಮೆತ್ತಗೆ ಹಿಡಿದುಕೊಂಡಿತು. ಅಧ್ಯಕ್ಷೆ ಎದ್ದು ಬಂದು, ಬಗ್ಗಿ, ನನ್ನ ಕಾಲಿಗೂ ಬಟ್ಟೆಗೂ ನಡುವೆ ಎರಡು ಬೆರಳು ತೂರಿಸಿ ನೋಡಿದರು. ಬೆರಳು ಸರಾಗವಾಗಿ ಆಡಿದವು. ಮರಳಿ ಕೂತು ವೈದ್ಯರ ವರದಿಯನ್ನು ಇನ್ನೊಮ್ಮೆ ಓದಿದರು. ಮಗುವಿನ ಕಾಲಮೇಲೆ ಒಂದು ಗುರುತೂ ಇರಲಿಲ್ಲ.

ಆದೇಶವಾಯಿತು: ತಾಯಿ ಮಗಳನ್ನು ಕರೆದೊಯ್ಯಬಹುದು. ಹಗಲು ಮಗುವನ್ನು ಸಮೀಪದ ಬಾಲವಾಡಿಯಲ್ಲಿ ಬಿಡಬೇಕು, ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಇನ್ನು ಕಟ್ಟಕೂಡದು.

"ಗ್ವಾಡಿ ಇದ್ದಲ್ಲಿ ಯಾಕ ಕಟ್ಟಬೇಕ್ರಿ?" ಎಂದಳು. ಹೆಬ್ಬೆಟ್ಟೊತ್ತಿ ಕೆಳಗೆ ಓಡಿದಳು. ಸಮಿತಿ ಚಹಾಕ್ಕೆ ಎದ್ದಿತು.

ಕಾಲು ಇನ್ನೂ ಮೇಜಿಗೇ ಕಟ್ಟಿದ್ದರಿಂದ ನಾನು ಹೋಗುವಂತಿರಲಿಲ್ಲ. ಗಂಟನ್ನು ಮುಟ್ಟಲು ಹೊಟ್ಟೆ ಬಿಡಲಿಲ್ಲ. ಮುಟ್ಟಿದಾಗ ಗಂಟು ಬಗ್ಗಲಿಲ್ಲ. ಬಾಗಿಲ ಕಡೆ ನೋಡುತ್ತ, ಮುಂದಿನ ಆದೇಶಕ್ಕಾಗಿ ಕಾದಿರುವವನಂತೆ ಗಂಭೀರವಾಗಿ ಕೂತೆ.

ಅವಳು ಮಗಳನ್ನು ಕಂಕುಳಲ್ಲಿಟ್ಟುಕೊಂಡು ತಿರುಗಿ ಬಂದಳು. ಮಗು ತಾಯಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದಿತ್ತು.

"ಇನ್ನಾ ಇಲ್ಲೇ ಅದೀರೇನ್ರಿ ಕಾಕಾ?"

"ಎಲ್ಲಿ ಹೋಗ್ಲವಾ? ನೀ ಬಿಟ್ಟರ ಹೋಗಬೇಕಲ್ಲ."

ಮಗುವನ್ನು ಕೆಳಗಿಳಿಸದೆ, ಒಂದೇ ಕೈಯಲ್ಲಿ ತುದಿ ಎಳೆದಳು. ಗಂಟು ಬಿಚ್ಚಿಕೊಂಡಿತು. ಅದೇ ಬಟ್ಟೆಯಿಂದ ಮಗಳ ಮೂಗು ಒರೆಸಿ ಮೆಟ್ಟಿಲಿಳಿದಳು.