ಸುಣ್ಣದ ಗೋಡೆ, ದೊಡ್ಡಪ್ಪನ ಕಣ್ಣು

ಅಂಕೋಲೆಯ ನಮ್ಮ ಬೀದಿಯಲ್ಲಿ ಮೊಬೈಲು ಇದ್ದವರು ಇಬ್ಬರೇ ಇಬ್ಬರು, ಆ ಕಾಲದ ಮಾತು. ನಾನು ಹತ್ತು ವರ್ಷದ ಹುಡುಗಿ. ಸಿಟ್ಟು ಮಾತ್ರ ಆಗಲೂ ಮೂಗಿನ ತುದಿಯಲ್ಲೇ. ಆ ಬೇಸಿಗೆ ನಮ್ಮ ಮನೆಯನ್ನು ಎರಡು ಹೋಳು ಮಾಡಿದ್ದು ನಮ್ಮ ಹಳೆಯ ಬ್ಯಾಪ್ಟಿಸ್ಟ್ ಚರ್ಚು.

ಅಜ್ಜನ ಅಜ್ಜ ಚಿರೆಕಲ್ಲು ಹೊತ್ತು ಕಟ್ಟಿದ ಚರ್ಚದು. ಗೋಡೆ ಬಿರುಕು ಬಿಟ್ಟಿತ್ತು. ಕಾಂಟ್ರಾಕ್ಟರ್ ಆಗಿದ್ದ ದೊಡ್ಡಪ್ಪನಿಗೆ ಅದನ್ನು ಕೆಡವಿ ಸ್ಲ್ಯಾಬು ಹಾಕಬೇಕು. ಗಾರೆ ಕೆಲಸದ ಅಪ್ಪನಿಗೆ ಹಳೆಯದನ್ನೇ ಉಳಿಸಬೇಕು. ಮಳೆಗಾಲದೊಳಗೆ ಗೋಡೆ ಗಟ್ಟಿ ಮಾಡಿ ತೋರಿಸು, ಇಲ್ಲದಿದ್ದರೆ ಕೆಡವುತ್ತೇವೆ ಎಂದು ಸಭೆಯವರು ಅಪ್ಪನಿಗೆ ಗಡುವು ಕೊಟ್ಟರು.

ಬೆಳಂಬಾರದ ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ಅಪ್ಪ ನೀರು ಹೊಯ್ದರೆ ಹೊಂಡ ಕೊತಕೊತ ಕುದಿಯುತ್ತಿತ್ತು. ಆರಿದ ಮೇಲೆ ಮರಳು, ಬೆಲ್ಲದ ನೀರು ಬೆರೆಸಿ ಒನಕೆಯಲ್ಲಿ ಜಪ್ಪುವುದು. ಬೆಲ್ಲಕ್ಕೆ ನಾನೇ ಕಾವಲು. ಕಾದದ್ದಕ್ಕಿಂತ ತಿಂದದ್ದೇ ಹೆಚ್ಚು. "ಹತ್ರ ಬರ್ಬೇಡ ತಂಗಿ, ನೀರು ಕಂಡ್ರೆ ಸುಣ್ಣಕ್ಕೆ ಹುಚ್ಚು ಹಿಡೀತದೆ," ಎಂದು ಅಪ್ಪ ದಿನಕ್ಕೆ ಹತ್ತು ಸಲ ಗದರುತ್ತಿದ್ದ.

ಒಂದು ಶನಿವಾರ ಮಧ್ಯಾಹ್ನ ದೊಡ್ಡಪ್ಪ ಹಾರೆ ಹಿಡಿದು ಒಳಗೆ ನುಗ್ಗಿದ. ಒಂದೇ ಏಟು. ನಮ್ಮ ಹದಿನೈದು ದಿನದ ಕೆಲಸ ಹೆಂಟೆಹೆಂಟೆಯಾಗಿ ಉದುರಿತು.

"ನೋಡು ಮಾರಾಯ, ಮುಟ್ಟಿದ್ರೆ ಬೀಳ್ತದೆ. ನಾಳೆ ಜನರ ತಲೆ ಮೇಲೆ ಬಿದ್ರೆ ಯಾರು ಹೊಣೆ?"

"ಹಸಿ ಗಾರೆಗೆ ಹಾರೆ ಹಾಕೂದು ಯಾವ ಗಂಡಸ್ತನ ಅಣ್ಣ?" ಎಂದು ಅಪ್ಪ ಅವನ ಕಾಲರ್ ಹಿಡಿದ.

ಇಬ್ಬರೂ ಬೆಂಚುಗಳ ನಡುವೆ ಉರುಳಿದರು. ಒಂದೇ ತಾಯಿಯ ಮಕ್ಕಳು ನಾಯಿಗಳ ಹಾಗೆ ಕಚ್ಚಾಡಿದರು. ಅಪ್ಪನ ತುಟಿ ಒಡೆದು ರಕ್ತ ಸುರಿಯಿತು. ದೊಡ್ಡಪ್ಪ ಎದ್ದು ಮತ್ತೆ ಹಾರೆ ಎತ್ತಿದ. ಗೋಡೆಗೋ ಅಪ್ಪನಿಗೋ, ನನಗೆ ತಿಳಿಯಲಿಲ್ಲ. ಬುಟ್ಟಿಯಲ್ಲಿದ್ದ, ಇನ್ನೂ ನೀರು ಸೋಕದ ಸುಣ್ಣದ ಪುಡಿಯನ್ನು ಬೊಗಸೆ ತುಂಬ ಬಾಚಿ ಅವನ ಮುಖಕ್ಕೆ ಎರಚಿದೆ.

ಅಯ್ಯೋ, ಆ ಕೂಗು! ಈಗಲೂ ಕಿವಿಯಲ್ಲಿದೆ.

ನಾಲ್ಕು ಹೆಜ್ಜೆ ಆಚೆ ತೊಟ್ಟಿ ತುಂಬ ನೀರಿತ್ತು. ನಮ್ಮಲ್ಲಿ ಕೂಸಿನ ತಲೆಗೆ ನೀರು ಚಿಮುಕಿಸುವ ಪದ್ಧತಿಯಿಲ್ಲ. ತಿಳಿವಳಿಕೆ ಬಂದವರನ್ನು ಪೂರ್ತಿ ಮುಳುಗಿಸಿಯೇ ದೀಕ್ಷಾಸ್ನಾನ. ಮರುದಿನದ ಸ್ನಾನಕ್ಕೆಂದು ಹೆಂಗಸರು ಬೆಳಗಿನಿಂದ ಬಾವಿಯಿಂದ ಹೊತ್ತು ತುಂಬಿಸಿದ್ದರು. ದೊಡ್ಡಪ್ಪ ತಡವರಿಸುತ್ತ ಅತ್ತಲೇ ಹೊರಟ. ಅಪ್ಪ ಓಡಿಬಂದು ಅವನನ್ನು ತಬ್ಬಿ ಹಿಡಿದ.

"ಬೇಡ ಅಣ್ಣ, ನೀರು ಬೇಡ! ಕಣ್ಣಲ್ಲೇ ಕುದೀತದೆ!"

ಅಷ್ಟು ದಿನ ಆ ಹೊಂಡ ಕುದಿಯುವುದನ್ನೇ ನೋಡಿದ್ದ ನನಗೂ ಅದೇ ಸರಿ ಎನಿಸಿತು. ಕಣ್ಣಿಗೆ ತೆಂಗಿನೆಣ್ಣೆ ಸುರಿದೆವು. ಕಾರವಾರದಲ್ಲಿ ಡಾಕ್ಟರು, "ಆಗಲೇ ನೀರಲ್ಲಿ ಮುಖ ಮುಳುಗಿಸಿ ತೊಳ್ದಿದ್ರೆ ಎರಡೂ ಕಣ್ಣು ಉಳೀತಿತ್ತಲ್ಲ ಮಾರಾಯ್ರೇ," ಎಂದಾಗ ಅಪ್ಪ ತಲೆ ಚಚ್ಚಿಕೊಂಡ.

ಎಡಗಣ್ಣು ಹೋಯಿತು. ಕೇಳಿದವರಿಗೆಲ್ಲ ದೊಡ್ಡಪ್ಪನದು ಒಂದೇ ಉತ್ತರ: "ಹಾರೆ ಹಾಕುವಾಗ ಸುಣ್ಣ ಹಾರ್ತು." ನನ್ನ ಹೆಸರೆತ್ತಲಿಲ್ಲ. ಹಾರೆಯನ್ನೂ ಮತ್ತೆ ಎತ್ತಲಿಲ್ಲ. ಮಳೆಗೆ ಮುಂಚೆ ಅಪ್ಪ ಗೋಡೆ ಮುಗಿಸಿದ. ಅಣ್ಣನ ಮುಖ ನೋಡುವ ಧೈರ್ಯ ಮಾತ್ರ ಅವನಿಗೆ ಸಾಯುವವರೆಗೂ ಬರಲಿಲ್ಲ. ಇಬ್ಬರೂ ಮತ್ತೆ ಒಂದೇ ಬೆಂಚಿನಲ್ಲಿ ಕೂರಲಿಲ್ಲ.

ಈಗ ಹೊರಗಿನವರು ಬಂದು ಚರ್ಚಿನ ಫೋಟೋ ತೆಗೆಯುತ್ತಾರೆ. ಎಷ್ಟು ಚೆನ್ನಾಗಿ ಕಾಪಾಡಿದ್ದೀರಿ ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಭಾನುವಾರ ದೊಡ್ಡಪ್ಪ ನನ್ನ ತೋಳು ಹಿಡಿದುಕೊಂಡು ಆ ಗೋಡೆ ಸವರಿದ. ಉಳಿದೊಂದು ಕಣ್ಣಿಗೂ ಈಗ ಪೊರೆ. "ಗಟ್ಟಿಯಿದೆ ತಂಗಿ. ನಿನ್ನಪ್ಪ ಹೇಳಿದ್ದೇ ಸರಿ," ಎಂದ. ಆ ಮಾತು ಕೇಳಲು ಅಪ್ಪ ಇಲ್ಲ.

"ತಪ್ಪಾಯ್ತು ದೊಡ್ಡಪ್ಪ," ಎಂದೆ. ಇಷ್ಟು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತು.

"ಯಾವುದಕ್ಕೆ?" ದೊಡ್ಡಪ್ಪ ಗೋಡೆಯಿಂದ ಕೈ ತೆಗೆಯಲಿಲ್ಲ. "ಸುಣ್ಣ ತಾನೇ ಹಾರಿದ್ದಲ್ವ?"