ಶೀಲಾವತಿಯ ಕಬ್ಬಿನ ಹಲಗೆ

೧೯೫೪ರಲ್ಲಿ ಬೈಕುಲ್ಲಾದ ಚಾಳೊಂದರಲ್ಲಿ ಶೀಲಾವತಿ ಎಂಬಾಕೆ ಇದ್ದಳು. ಕಾರ್ಕಳದ ಕಡೆಯವಳು. ಗಂಡ ದೂಜ ಬಡಗಿ. ಊರವರ ಹೋಟೆಲುಗಳಿಗೆ ಮೇಜು ಬೆಂಚು ಮಾಡಿಕೊಡುತ್ತಿದ್ದ. ಶೀಲಾವತಿ ಮನೆಯಲ್ಲೇ ಕುಳಿತು ಪರೇಲಿನ ರಮಾನಾಥ ರಾಯರ ಹೋಟೆಲಿಗೆ ಹುಣಸೆಹಣ್ಣು ಬಿಡಿಸಿಕೊಡುತ್ತಿದ್ದಳು. ಹುಳಿ ಸಾಂಬಾರಿಗೆ ಹೋಗುತ್ತಿತ್ತು, ಬೀಜ ಮನೆಯ ಮೂಲೆಯಲ್ಲಿ ರಾಶಿ ಬೀಳುತ್ತಿತ್ತು.

ಹೆಂಗಸರು ಮಕ್ಕಳು ಕೂತು ತಿನ್ನಲು ಹೋಟೆಲಿನ ಒಂದು ಬದಿಗೆ ಮರೆ ಕಟ್ಟಿ ಫ್ಯಾಮಿಲಿ ರೂಮ್ ಮಾಡಬೇಕೆಂದು ರಾಯರಿಗೆ ಆಸೆ. ಸಾಗುವಾನಿ ಹಲಗೆಯ ಬೆಲೆ ಕೇಳಿ ಹಿಂಜರಿದರು. "ಬೇರೆ ಎಂತಾದರೂ ಉಂಟಾ ದೂಜ?" ಎಂದರು. ದೂಜ ಅದನ್ನು ಮನೆಯಲ್ಲಿ ಹೇಳಿದ.

ಬೀದಿಯ ತುದಿಯ ಅಂಗಡಿಯಲ್ಲಿ ರಸ ಹಿಂಡಿ ಬಿಸಾಡುತ್ತಿದ್ದ ಕಬ್ಬಿನ ಸಿಪ್ಪೆಯ ಮೇಲೆ ಶೀಲಾವತಿಗೆ ಮೊದಲಿನಿಂದಲೂ ಕಣ್ಣು. ಎಷ್ಟು ಗಟ್ಟಿ ನಾರು! ತವರಿನಲ್ಲಿ ಅಪ್ಪ ಬುಟ್ಟಿಯ ಸಂದಿಗೆ ಹುಣಸೆ ಬೀಜದ ಅಂಟು ಮೆತ್ತುತ್ತಿದ್ದುದನ್ನೂ ಅವಳು ನೋಡಿದ್ದಳು.

"ಹಲಗೆ ನಾನು ಮಾಡ್ತೇನೆ. ನೀವೊಂದು ಚೌಕಟ್ಟು ಮಾಡಿಕೊಡಿ."

ದೂಜ ನಕ್ಕ. ಆದರೂ ಮಾಡಿಕೊಟ್ಟ.

ಅವಳು ಸಿಪ್ಪೆಯನ್ನು ಸಣ್ಣಗೆ ಕೊಚ್ಚಿ ಒಣಗಿಸಿದಳು. ಬೀಜ ಹುರಿದು, ಸಿಪ್ಪೆ ಕಳಚಿ, ನೆನೆಸಿ, ರುಬ್ಬಿ, ಕುದಿಸಿ ಅಂಟು ಮಾಡಿದಳು. ಎರಡನ್ನೂ ಕಲಸಿ ಚೌಕಟ್ಟಿಗೆ ತುಂಬಿ, ಮೇಲೆ ತಗಡು ಇಟ್ಟು, ಒರಳುಕಲ್ಲು ಹೇರಿದಳು. ಹಲಗೆಯೇನೋ ಬಂತು. ಬೆಳಿಗ್ಗೆ ನೋಡಿದರೆ ಅದರ ತುಂಬ ಇರುವೆ.

ಪಕ್ಕದ ಕೋಣೆಯ ಕಾಶವ್ವ ಬಿಜಾಪುರದ ಕಡೆಯವಳು, ಪರೇಲಿನ ಮಿಲ್ಲಿನಲ್ಲಿ ನೂಲು ಸುತ್ತುವವಳು. ಬಾಗಿಲಿಗೆ ಬಂದು ಹೊಟ್ಟೆ ಹಿಡಿದು ನಕ್ಕಳು. "ಏನವ್ವಾ ಶೀಲಾ, ಹಲಗಿ ಮಾಡಾಕತ್ತೀಯೋ, ಇರುವಿಗೆ ಊಟ ಹಾಕಾಕತ್ತೀಯೋ?" ಆಮೇಲೆ ಪಕ್ಕದಲ್ಲಿ ಕುಕ್ಕರಿಸಿ, ಸಿಪ್ಪೆಯ ಒಂದು ಎಳೆ ಬಾಯಿಗಿಟ್ಟು, "ಇನ್ನೂ ಸವಿ ಐತಲ್ಲ! ಸವಿ ಹೋಗೂತನಕ ಕುದಸು. ಬೇವಿನ ಎಲಿನೂ ಹಾಕು" ಎಂದಳು.

ಮುಂದಿನ ಹಲಗೆಗೆ ಇರುವೆ ಬರಲಿಲ್ಲ. ದೂಜ ಗರಗಸ ಎಳೆದ, ಉದುರಲಿಲ್ಲ. ಮೊಳೆ ಹೊಡೆದ, ಸೀಳಲಿಲ್ಲ. ಅಂದಿನಿಂದ ಹಲಗೆಯ ಮಾತಿಗೆ ಅವನು ನಗಲಿಲ್ಲ. ರಾಯರ ಉಗ್ರಾಣದ ಅಕ್ಕಿ ಮೂಟೆಗಳ ಭಾರದಡಿ ಒಂದರ ಹಿಂದೊಂದು ಹಲಗೆ ತಯಾರಾಯಿತು. ಮಳೆಗಾಲದ ಮೊದಲೇ ಫ್ಯಾಮಿಲಿ ರೂಮ್ ತೆರೆಯಿತು.

ಮಳೆ ಶುರುವಾದಾಗ ಕೈ ತೊಳೆಯುವ ತೊಟ್ಟಿಯ ಪಕ್ಕದ ಹಲಗೆ ನೀರು ಕುಡಿದು ಉಬ್ಬಿತು. ಯಾರೂ ಏನೂ ಹೇಳುವ ಮೊದಲೇ ಶೀಲಾವತಿ ಅದನ್ನು ಕಳಚಿಸಿದಳು. ಊರಿನಲ್ಲಿ ದೋಣಿಗೆ ಬಳಿಯುವ ಗೇರುಸಿಪ್ಪೆಯ ಎಣ್ಣೆ ತರಿಸಿ ಹೊಸ ಹಲಗೆಗೆ ಬಳಿದಳು. ಆ ಎಣ್ಣೆಗೆ ಅಂಗೈ ಸುಟ್ಟು ಬೊಬ್ಬೆಗಳು ಎದ್ದವು. ಆ ಹಲಗೆಗೆ ಮರುವರ್ಷದ ಮಳೆಯೂ ಏನೂ ಮಾಡಲಿಲ್ಲ.

ಒಂದು ದಿನ ಮಲಾಡಿನಲ್ಲಿ ಹೊಸ ಹೋಟೆಲು ಕಟ್ಟಿಸುತ್ತಿದ್ದವರೊಬ್ಬರು ಕಾಫಿಗೆ ಬಂದು ಫ್ಯಾಮಿಲಿ ರೂಮಿನ ಗೋಡೆ ತಟ್ಟಿ ನೋಡಿ, "ಇದು ಯಾವ ಕಂಪನಿಯ ಮಾಲು ರಾಯರೇ?" ಎಂದರು. ರಾಯರು ಬೆಂಚು ರಿಪೇರಿ ಮಾಡುತ್ತಿದ್ದ ದೂಜನತ್ತ ಕೈ ತೋರಿಸಿದರು.

ದೂಜ ಎದ್ದು ನಿಂತ. "ನಾನು ಮೊಳೆ ಹೊಡೆದವ ಧಣಿ. ಹಲಗೆ ನನ್ನ ಹೆಂಡತಿಯದ್ದು."

ಹುಣಸೆಹಣ್ಣಿನ ಬುಟ್ಟಿ ತಲುಪಿಸಲು ಬಂದಿದ್ದ ಶೀಲಾವತಿ ಹಿಂಬಾಗಿಲಲ್ಲೇ ನಿಂತಿದ್ದಳು. ತಲೆ ತಗ್ಗಿಸಲಿಲ್ಲ, ಬುಟ್ಟಿ ಕೆಳಗಿಟ್ಟು ಮುಂದೆ ಬಂದಳು.

"ಹೌದು, ನಾನೇ ಮಾಡಿದ್ದು. ನಿಮಗೆ ಎಷ್ಟು ದಪ್ಪದ್ದು ಬೇಕು?"

ಮಲಾಡಿನ ಕೆಲಸ ಸಿಕ್ಕಿತು, ಅದರ ಬೆನ್ನಿಗೆ ಇನ್ನೆರಡು. ಚಾಳಿನ ಮನೆಯೂ ರಾಯರ ಉಗ್ರಾಣವೂ ಸಾಲದಾದಾಗ ಮಲಾಡಿನಲ್ಲೇ ಒಂದು ಶೆಡ್ಡು ಹಿಡಿದರು. ಕಾಶವ್ವ ಮಿಲ್ಲು ಬಿಟ್ಟು ಬಂದು ಕುದಿಸುವ ಹಂಡೆಯ ಉಸ್ತುವಾರಿ ವಹಿಸಿಕೊಂಡಳು. ಒಂದು ಎಳೆ ತಾನೇ ಜಗಿದು ನೋಡದೆ ಸಿಪ್ಪೆಯನ್ನು ಹಂಡೆಯಿಂದ ಇಳಿಸಲು ಬಿಡುತ್ತಿರಲಿಲ್ಲ. ಶೀಲಾವತಿ ಲೋಕಲ್ ರೈಲಿನಲ್ಲಿ ಹೋಗುವಾಗ ಮಾದರಿಯ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಎದುರಿನವರು ಕೇಳಿದರೆ ಅವರ ಕೈಗೇ ಕೊಟ್ಟು, "ಬಗ್ಗಿಸಿ ನೋಡಿ" ಎನ್ನುತ್ತಿದ್ದಳು.